ಬಾಟ್ಲಿ ಕೊಡುವ ಮುಂಚೆ ಒಂದು ಪ್ರಶ್ನೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಇನ್ನೂ ನೆಲ ಒರೆಸುತ್ತಿದ್ದಾರೆ. ಕೊನೆಯ ಕೋಣೆಯಲ್ಲಿ ಲ್ಯಾಬ್ ಟೆಕ್ನೀಶಿಯನ್ ಒಬ್ಬರು ಬೆಚ್ಚನೆಯ ಪೆಟ್ಟಿಗೆಯಿಂದ ಪುಟ್ಟ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ನಿನ್ನೆ ಸವರಿಟ್ಟ ಮೂತ್ರದಲ್ಲಿ ರೋಗಾಣು ಇದ್ದರೆ ಬೆಳಗಾಗುವುದರೊಳಗೆ ಚುಕ್ಕಿ ಚುಕ್ಕಿಯಾಗಿ ಬೆಳೆದಿರುತ್ತದೆ. ಅದು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಕ್ಯಾರೇ ಅನ್ನುವುದಿಲ್ಲ ಎಂದು ಪತ್ತೆ ಹಚ್ಚುವುದೇ ಇವರ ಕೆಲಸ. ದಿನಕ್ಕೆ ನಲವತ್ತು ತಟ್ಟೆ, ಇಪ್ಪತ್ತೆರಡು ವರ್ಷದಿಂದ. ರೋಗಿಗಳು ಕೈಮುಗಿಯುವುದೇನೋ ಡಾಕ್ಟರಿಗೆ.

ಆಸ್ಪತ್ರೆಯಲ್ಲಿ ಇವರ ಹೆಸರು 'ಬಾಟ್ಲಿ ಮೇಡಂ'. "ಏನು ಕೆಲಸ ಅಂತ ಊಟದ ಹೊತ್ತಲ್ಲಿ ಮಾತ್ರ ಕೇಳ್ಬೇಡಿ" ಎಂದು ತಾವೇ ನಗುತ್ತಾರೆ. ಆದರೆ ಮೂತ್ರ ಹಿಡಿದು ತರಲು ರೋಗಿಯ ಕೈಗೆ ಬಾಟ್ಲಿ ಕೊಡುವಾಗ ನಗುವಿಲ್ಲ. ಮಾತ್ರೆ ಏನಾದರೂ ನುಂಗಿದ್ದೀರಾ ಎಂದು ಒಂದಲ್ಲ, ಎರಡು ಸಲ ಕೇಳುತ್ತಾರೆ. ಜನ ಸಿಡುಕುತ್ತಾರೆ. ಸಿಡುಕಲಿ ಬಿಡಿ.

ಮೂರು ವರ್ಷದ ಹಿಂದೆ ಒಬ್ಬರನ್ನು ಮಾತ್ರ ಹಾಗೆ ಕೇಳಲಿಲ್ಲ. ಕೇಳುವುದೇನು ಬಂತು, ಮಾತ್ರೆ ನುಂಗಿಸಿದವರೇ ಇವರು! ಒಡಹುಟ್ಟಿದ ಅಕ್ಕ ಉರಿಮೂತ್ರದಿಂದ ಒದ್ದಾಡುತ್ತಿದ್ದರು. ಕಣ್ಣಾರೆ ನೋಡಲಾರದೆ, ಯಾವಾಗಲೋ ಮನೆಯಲ್ಲಿ ಉಳಿದಿದ್ದ ಎರಡು ಆಂಟಿಬಯಾಟಿಕ್ ಮಾತ್ರೆ ಕೊಟ್ಟರು. ಮರುದಿನ ಅಕ್ಕನ ಬಾಟ್ಲಿಯನ್ನು ತಾವೇ ಲ್ಯಾಬಿಗೆ ತಂದರು. ತಟ್ಟೆ ತೊಳೆದಿಟ್ಟ ಹಾಗಿತ್ತು. 'ಏನೂ ಬೆಳೆದಿಲ್ಲ' ಎಂದು ಬರೆದರು. ಮಾತ್ರೆಯ ವಿಷಯ ಡಾಕ್ಟರ ಮುಂದೆ ಬಾಯಿಬಿಡಲು ನಾಚಿಕೆ.

ಎರಡು ಮಾತ್ರೆಗೆ ರೋಗಾಣು ಸತ್ತಿರಲಿಲ್ಲ, ತಲೆಮರೆಸಿಕೊಂಡಿತ್ತು ಅಷ್ಟೇ. ರಿಪೋರ್ಟ್ ನಂಬಿದ ಡಾಕ್ಟರು ಔಷಧಿ ಬೇಡವೆಂದರು. ಹತ್ತೇ ದಿನಕ್ಕೆ ಚಳಿಜ್ವರ, ಸೊಂಟ ಮುರಿಯುವಂಥ ನೋವು. ಸೋಂಕು ಕಿಡ್ನಿಗೆ ಏರಿತ್ತು. ಅಕ್ಕ ಉಳಿದರು, ಒಂದು ಕಿಡ್ನಿ ಉಳಿಯಲಿಲ್ಲ.

"ಮೊದಲು ಬಾಟ್ಲಿ, ಆಮೇಲೆ ಮಾತ್ರೆ ಅಂತ ಎಲ್ಲರಿಗೂ ಪಾಠ ಹೇಳೋಳು ನಾನು. ಅವತ್ತು ಬುದ್ಧಿಗೆ ಅದೇನು ಮಂಕು ಕವಿದಿತ್ತೋ" ಎನ್ನುವಾಗ ಇವರ ಕಣ್ಣು ತಟ್ಟೆಯ ಮೇಲೇ ಇರುತ್ತದೆ. ಈ ಪಶ್ಚಾತ್ತಾಪಕ್ಕೆ ಮಾತ್ರ ಯಾವ ಔಷಧಿಯೂ ನಾಟಿಲ್ಲ.

ಮೂರು ತಿಂಗಳಿಗೊಮ್ಮೆ ಅಕ್ಕ ತಪಾಸಣೆಗೆ ಬರುತ್ತಾರೆ. ಎಲ್ಲರ ಜೊತೆ ಸಾಲಿನಲ್ಲಿ ನಿಂತು, ತಂಗಿ ಕೇಳುವ ಮೊದಲೇ "ಏನೂ ನುಂಗಿಲ್ಲ ಕಣೇ" ಎಂದು ಬಾಟ್ಲಿಗೆ ಕೈ ಚಾಚುತ್ತಾರೆ. ಆ ದಿನ ಬಾಟ್ಲಿ ಮೇಡಂಗೆ ಊಟ ಸೇರುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡುತ್ತಾರೆ.

"ನಡೆದದ್ದನ್ನೆಲ್ಲ ನಾನೇ ಅಕ್ಕಂಗೆ ಹೇಳಿದೀನಿ. ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಒಂದೇ ಒಂದ್ಸಲ ಬಾಯ್ತುಂಬಾ ಬೈದುಬಿಟ್ರೆ ಸಾಕು."