ಮೊದಲು ಹಪ್ಪಳ, ಆಮೇಲೆ ಅತ್ತೆ

ನಮ್ಮ ಅಗ್ನಿಶಾಮಕ ಠಾಣೆಯ ಹಿಂದೆ ಮೂರು ಮಹಡಿಯ ಡ್ರಿಲ್ ಟವರ್ ಇದೆ. ಬೆಂಕಿ ಬಿದ್ದ ಮನೆ ಎಂದು ಬಗೆದು ನಾವು ಅದಕ್ಕೆ ಏಣಿ ಹಾಕಿ ಹತ್ತಬೇಕು, ಮರಳು ತುಂಬಿದ ಗೊಂಬೆಯನ್ನು ಹೊತ್ತು ಇಳಿಯಬೇಕು. ಮೇಲೆ ನಿಂತರೆ ಧಾರೇಶ್ವರದ ಸಮುದ್ರ ಕಾಣುತ್ತದಂತೆ. ನಾನು ಕಂಡವನಲ್ಲ. ತರಬೇತಿಯಲ್ಲಿ ಕಣ್ಣು ಮುಚ್ಚಿಕೊಂಡು ಹೇಗೋ ಪಾಸಾದವನು, ಆಮೇಲೆ ಪ್ರತಿ ಡ್ರಿಲ್‌ನಲ್ಲೂ ಓಡಿಹೋಗಿ ಏಣಿಯ ಬುಡ ಹಿಡಿದುಬಿಡುತ್ತಿದ್ದೆ. ಎತ್ತರಕ್ಕೆ ಹೆದರುವ ಫೈರ್‌ಮನ್! ಠಾಣೆಯಲ್ಲಿ ಗೊತ್ತಾದರೆ ಮಾನ ಹೋಗುತ್ತದೆ. ಅತ್ತೆಗೆ ಗೊತ್ತಾದರೆ ಅದು ಭಟ್ಕಳದಿಂದ ಹೊನ್ನಾವರದವರೆಗೆ ಹೋಗುತ್ತದೆ.

ಅತ್ತೆ, ಅಂದರೆ ಹೆಂಡತಿಯ ತಾಯಿ, ಬೇಸಿಗೆಯಲ್ಲಿ ಹೆಬಳೆಯಿಂದ ನಮ್ಮ ಕ್ವಾರ್ಟರ್ಸಿಗೆ ಬಂದವರು ಟವರ್ ನೋಡಿ ಹಿಗ್ಗಿದರು. ಕೋಳಿ ಇಲ್ಲ, ದನ ಇಲ್ಲ, ದಿನವಿಡೀ ಬಿಸಿಲು. ಹಲಸಿನ ಹಪ್ಪಳದ ಚಾಪೆ ಹಿಡಿದು ಒಳಮೆಟ್ಟಿಲಿನಿಂದ ತಾರಸಿ ಹತ್ತುವುದು, ಕಾಗೆ ಓಡಿಸುತ್ತ ಅಲ್ಲೇ ಕೂರುವುದು ದಿನನಿತ್ಯದ ಕೆಲಸವಾಯಿತು.

ಒಂದು ದಿನ ಮೇಲಧಿಕಾರಿ ಹೇಳದೆ ಕೇಳದೆ ಬಂದು ಡ್ರಿಲ್ ಎಂದರು. ಟವರಿನ ಬುಡದಲ್ಲಿ ಹಸಿಹುಲ್ಲಿಗೆ ಬೆಂಕಿ ಕೊಟ್ಟೆವು. ಮೆಟ್ಟಿಲೆಲ್ಲ ಹೊಗೆ. ನಾನು ಏಣಿಯ ಬುಡಕ್ಕೆ ಓಡುವಷ್ಟರಲ್ಲಿ ಮೇಲಿಂದ ಕೆಮ್ಮು, ಹಿಂದೆಯೇ ಅತ್ತೆಯ ತಲೆ.

“ಯಾರದು?” ಎಂದರು ಸಾಹೇಬರು.

“ನಮ್ಮ ಅತ್ತೆ, ಸಾರ್.”

“ಹಾಗಾದರೆ ಗೊಂಬೆ ಬಿಡಿ. ನೀವೇ ಹತ್ತಿ.”

ಹೇಗೆ ಹತ್ತಿದೆನೋ ದೇವರೇ ಬಲ್ಲ. ಅತ್ತೆ ಚಾಪೆ ತೋರಿಸಿದರು. “ಮೊದ್ಲು ಹಪ್ಪಳ ಇಳ್ಸಿ. ಅಳಿಯನ ಹೆಗಲ ಮೇಲೆ ಕೂರೂದು ಅಂದ್ರೆ ಎಂತ ಮಾರಾಯ್ರೆ!” ಹಪ್ಪಳ ಹಗ್ಗದಲ್ಲಿ ಇಳಿಯಿತು. ನನ್ನೆದುರು ಕುರ್ಚಿಯ ಮೇಲೂ ಕೂರದ ಅತ್ತೆ ಕೊನೆಗೆ ಹೆಗಲ ಮೇಲೆ ಬಂದರು.

ಏಣಿಗೆ ಕಾಲಿಟ್ಟವನು ಮೊದಲ ಮೆಟ್ಟಿಲಿಗೇ ಅಂಟಿಕೊಂಡುಬಿಟ್ಟೆ. ಕಿವಿಯ ಹತ್ತಿರ ಸಣ್ಣ ದನಿ: “ಕೆಳಗೆ ನೋಡ್ಬೇಡಿ. ಗೋಡೆ ನೋಡಿ. ಹಾಂ, ಆತು. ಇನ್ನೊಂದು. ಆತು.” ಮೆಟ್ಟಿಲಿಗೊಂದು ‘ಆತು’ ಹೇಳಿ ಅವರೇ ನನ್ನನ್ನು ನೆಲ ಮುಟ್ಟಿಸಿದರು.

“ಹೆದರಿದಿರಾ ಅಮ್ಮಾ?” ಎಂದು ಸಾಹೇಬರು ಕೇಳಿದರು. ಅತ್ತೆ ಬೆವರಿ ತೊಪ್ಪೆಯಾದ ನನ್ನನ್ನೊಮ್ಮೆ ನೋಡಿದರು. ನನ್ನ ಕತೆ ಮುಗಿಯಿತು ಎಂದುಕೊಂಡೆ.

“ನಂಗೆಂತ ಹೆದ್ರಿಕೆ? ನಮ್ಮ ಅಳಿಯ ಇದ್ರಲ್ಲ.”

ಅವರ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಮರುದಿನ ಅವರು ಚಾಪೆಯನ್ನು ಮನೆಯಂಗಳದಲ್ಲೇ ಹಾಸಿದರು. ಅಕ್ಕಪಕ್ಕದ ಕೋಳಿಗಳೆಲ್ಲ ಹಾಜರ್. “ಮೇಲೆ ಹಾಕೂದಿಲ್ವಾ ಅಮ್ಮಾ?” ಎಂದಳು ನನ್ನ ಹೆಂಡತಿ.

ಅತ್ತೆ ಕೋಲೆತ್ತಿ ಕೋಳಿ ಓಡಿಸುತ್ತ, ನನ್ನ ಕಡೆ ತಿರುಗದೆ ಹೇಳಿದರು: “ಬೇಡ. ನಂಗೆ ಎತ್ತರ ಅಂದ್ರೆ ತಲೆ ತಿರುಗ್ತದೆ.”