ಘಾಟಿ ತಿರುವಿನ ನಮಸ್ಕಾರ

ಜಯರಾಮಪ್ಪನವರ ಲಾರಿ ಆಫೀಸಿನಲ್ಲಿ, ಲಾರಿಗಳೊಳಗೆ ಹಾಕಿಸಿದ ಹೊಸ ಕ್ಯಾಮೆರಾಗಳ ಉದ್ಘಾಟನೆ. ಗೋಡೆಯ ಟಿವಿಗೆ ಸೇವಂತಿಗೆ ಹಾರ ಹಾಕಿ, ಕುಂಕುಮ ಹಚ್ಚಿ, ಪೂಜಾರಿ ಮಂಗಳಾರತಿ ಎತ್ತಿದ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಡ್ರೈವರ್ ಚಿಕ್ಕಮುನಿಯಪ್ಪ ಪ್ಯಾಂಟು ಬಿಚ್ಚುತ್ತಿದ್ದ.

ತಪ್ಪು ಅವನದಲ್ಲ. ಬಂಗಾರಪೇಟೆಯಲ್ಲಿ ಪ್ಯಾಂಟು ತೊಟ್ಟು ಘಾಟಿ ಇಳಿಯುವ ಲಾರಿ ಡ್ರೈವರು ಇನ್ನೂ ಹುಟ್ಟಿಲ್ಲ. ಯಾರ್ಡಿನಲ್ಲಿ ಟೊಮೆಟೊ ಲೋಡಾಗುವ ತನಕ ಪ್ಯಾಂಟು, ಹೊರಡುವ ಮುಂಚೆ ಕ್ಯಾಬಿನ್ನಿನೊಳಗೆ ಲುಂಗಿ. ಲುಂಗಿಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದರೆ ಮಾನ ಭದ್ರ. ಅವತ್ತು ಹೊರಗಿನಿಂದ ಯಾರೋ, “ಅಣ್ಣೋ, ಪೂಜೆ ಸುರುವಾಯ್ತು, ಬಾ!” ಎಂದು ಕೂಗಿದರು. ಚಿಕ್ಕಮುನಿಯಪ್ಪ ಮರ್ಯಾದಸ್ಥ. “ಬಂದೇ...” ಎಂದು ಬಾಯಿ ತೆರೆದ. ಮರ್ಯಾದೆ ಕೆಳಗೆ ಬಿತ್ತು.

ಧಣಿಯ ಹೆಂಡತಿ ರಾಧಾಮಣಿಯಮ್ಮ ತಲೆಯ ಮೇಲಿನ ಫ್ಯಾನನ್ನು ಕೊಳ್ಳಲು ಬಂದವರಂತೆ ಪರೀಕ್ಷಿಸತೊಡಗಿದರು. “ಆಫ್ ಮಾಡಮ್ಮಾ ಅದನ್ನ!” ಎಂದು ಜಯರಾಮಪ್ಪ ಕೂಗಿದರು. ರಿಮೋಟು ಸಿಗದೆ ಒದ್ದಾಡಿದ ಆಫೀಸಿನ ಹುಡುಗಿ ಕಲ್ಪನ ಕೊನೆಗೆ ಹಾರವನ್ನೇ ಕೆಳಕ್ಕೆಳೆದು ಬೇಕಾದ ಜಾಗಕ್ಕೆ ಸರಿಯಾಗಿ ಮುಚ್ಚಿದಳು. ‘ಲೈವ್’ ಎಂದರೇನೆಂದು ಆ ದಿನ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಕಲ್ಪನ ಕೆಜಿಎಫ್‌ನ ನಂದಿದುರ್ಗ ಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ ಹುಡುಗಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಸಿಸ್ಟರುಗಳ ಇಂಗ್ಲಿಷು, ಸಂತೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ಬಂಗಾರಪೇಟೆಗೆ ಬಂದಳೆಂದರೆ ಸಂಜೆಯ ತನಕ ಅವಳಿಗೆ ಗಂಡಸರ ಮುಖ ನೋಡುವುದೇ ಕೆಲಸ. ಇದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ “ಕಂಪ್ಯೂಟರ್ ವರ್ಕ್” ಎಂದಿದ್ದಳು.

ಕೆಲಸ ಇಷ್ಟೇ. ಪ್ರತಿ ಲಾರಿಯಲ್ಲೂ ಡ್ರೈವರನ ಮುಖವನ್ನೇ ದಿಟ್ಟಿಸುವ ಒಂದು ಕ್ಯಾಮೆರಾ. ಅವನು ಆಕಳಿಸಿದರೆ, ಫೋನು ಹಿಡಿದರೆ, ಕಣ್ಣು ಮುಚ್ಚಿದರೆ ಅದು ಆ ಚೂರು ವಿಡಿಯೊವನ್ನು ಕತ್ತರಿಸಿ, ಕೆಂಪು ಗುರುತು ಹಾಕಿ ಆಫೀಸಿಗೆ ಕಳಿಸುತ್ತಿತ್ತು. ಕಲ್ಪನ ಅದನ್ನು ನೋಡಿ ‘ನಿಜ’ ಅಥವಾ ‘ಸುಳ್ಳು’ ಎಂದು ಒತ್ತಬೇಕು. ಮೂರು ನಿಜ ಸೇರಿದರೆ ಡ್ರೈವರನನ್ನು ಸ್ಟೇರಿಂಗಿನಿಂದ ಇಳಿಸಿ ಯಾರ್ಡಿನಲ್ಲಿ ಕ್ರೇಟು ಹೊರಲು ಹಾಕುತ್ತಿದ್ದರು.

ಅವಳ ತಾತ ಚಿನ್ನದ ಗಣಿಯಲ್ಲಿದ್ದವನು. ಶಿಫ್ಟು ಮುಗಿಸಿ ಮೇಲೆ ಬಂದವರನ್ನು ಗೇಟಿನಲ್ಲಿ ನಿಲ್ಲಿಸಿ ತಡವಿ ನೋಡುತ್ತಿದ್ದರಂತೆ. ತಡವುವವನೂ ನಮ್ಮ ಲೈನಿನವನೇ, ಆಮೇಲೆ ನಲ್ಲಿಯ ಹತ್ತಿರ ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ ಎಂದು ತಾತ ನಗುತ್ತಿದ್ದ. ಕಲ್ಪನಳಿಗೆ ಈಗ ಆ ತಲೆ ತಗ್ಗಿಸಿದವನ ನೆನಪೇ ಹೆಚ್ಚು. ಯಾವ ಡ್ರೈವರು ಮೂಗಿನಲ್ಲಿ ಬೆರಳಿಡುತ್ತಾನೆ, ಯಾವನು ಟೋಲು ದಾಟಿದ ಮೇಲೆ ಒಬ್ಬನೇ ಅಳುತ್ತಾನೆ ಎಂದೆಲ್ಲ ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಸ್ಟೇಷನ್ನಿನ ಹತ್ತಿರ ಪಾನಿಪುರಿ ತಿನ್ನುವಾಗ ಎದುರಾದ ಒಬ್ಬ, “ಇಲ್ಲೂ ಕೆಂಪು ಆಕ್ತೀರಾ ಮೇಡಂ, ಬಾಯಿ ದೊಡ್ಡದಾಗಿ ತೆಗ್ದೆ ಅಂತ?” ಎಂದಿದ್ದ. ಅವಳು ನಕ್ಕಳು. ಉಳಿದದ್ದನ್ನು ಮಾತ್ರ ಗೋಡೆಯ ಕಡೆ ತಿರುಗಿ ತಿಂದಳು.

ಡ್ರೈವರುಗಳು ಸುಮ್ಮನಿರುವ ಪೈಕಿ ಅಲ್ಲ. ಕ್ಯಾಮೆರಾದೊಳಗೆ ಎ.ಐ. ಇದೆ ಎಂದು ಅದರ ಕಂಪನಿಯವನು ಹೇಳಿದ್ದೇ ತಡ, ಅದಕ್ಕೆ ‘ಏಯ್’ ಎಂದೇ ಹೆಸರಿಟ್ಟರು; ಬಾಯಿಬಿಟ್ಟರೆ ಗದರುವುದೇ ತಾನೆ ಅದರ ಕೆಲಸ. ಒಬ್ಬ ಚ್ಯೂಯಿಂಗ್ ಗಮ್ ಅಂಟಿಸಿದ. ಇನ್ನೊಬ್ಬ ಕತ್ತಲಾದ ಮೇಲೂ ಕೂಲಿಂಗ್ ಗ್ಲಾಸ್ ಹಾಕಿದ. ಡ್ರೈವರುಗಳ ಮುಖಂಡ ವಿಜಯಕುಮಾರ ಇನ್ನೂ ಚತುರ. ಶುಕ್ರವಾರ ಲಾರಿಗೆ ಪೂಜೆ ಮಾಡುವಾಗ ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಕುಂಕುಮ ಇಟ್ಟ. “ಅದೂ ಗಾಡಿ ಸಾಮಾನೇ ಅಲ್ವಾ ಸಾರ್? ಬಿಟ್ರೆ ಬೇಜಾರ್ ಮಾಡ್ಕೊತೈತೆ” ಎಂದ. ಜಯರಾಮಪ್ಪ ದೈವಭಕ್ತರು, ಕುಂಕುಮ ಒರೆಸು ಎನ್ನಲು ಬಾಯಿ ಬರಲಿಲ್ಲ.

ಚಿಕ್ಕಮುನಿಯಪ್ಪ ಮಾತ್ರ ಅದರೊಡನೆ ಜಗಳಕ್ಕೆ ಹೋಗಲಿಲ್ಲ. ಲುಂಗಿಯ ಪ್ರಸಂಗವಾದ ಮೇಲೆ ಒಮ್ಮೆ ಅದರ ಮೇಲೆ ಟವಲು ಹೊದಿಸಿದ್ದಕ್ಕೆ ಒಂದು ಕೆಂಪು ಬಿತ್ತು. ಆಮೇಲೆ ಟವಲು ತೆಗೆದ. ಕ್ಯಾಮೆರಾ ಹೆಣ್ಣು ದನಿಯಲ್ಲಿ ಹಿಂದಿಯಲ್ಲಿ ಏನೋ ಎಚ್ಚರಿಸಿದರೆ, ಅರ್ಥವಾಗದಿದ್ದರೂ “ಆಯ್ತು ಕಣವ್ವಾ” ಎನ್ನುತ್ತಿದ್ದ. ಕ್ಯಾಸಂಬಳ್ಳಿಯ ಆಚೆ ಅವನ ಊರು. ಸಂಜೆ ಚೆನ್ನೈಗೆ ಲೋಡು ಒಯ್ದು, ಮಾರನೆಯ ದಿನ ಖಾಲಿ ಕ್ರೇಟು ತರುತ್ತಿದ್ದ. ಹೆಂಡತಿ ಚಿಕ್ಕವೆಂಕಟಮ್ಮನ ಮಂಡಿ ಸವೆದಿದ್ದರಿಂದ ಬಂದ ಕೂಡಲೇ ಹುಲ್ಲು ಕೊಯ್ಯುವುದು, ಹಸು ಕರೆಯುವುದು, ಡೇರಿಗೆ ಹಾಲು ಹಾಕುವುದು ಎಲ್ಲ ಅವನದೇ. ಅಷ್ಟಾಗಿ ಮತ್ತೆ ಸಂಜೆಯ ಲೋಡಿಗೆ ಹಾಜರು, ಜೊತೆಗೆ ಕಲ್ಪನಳಿಗೆ ಒಂದು ಕವರು ಅವರೆಕಾಯಿ. ಅವನನ್ನು ತೋರಿಸಿ ಜಯರಾಮಪ್ಪ ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದರು: “ನೋಡ್ರೋ, ಒಂದು ನಿಮಿಷ ಕೂರಲ್ಲ ಮನುಷ್ಯ.”

ಮೊದಲ ತಿಂಗಳಲ್ಲೇ ಒಂದು ವಿಚಿತ್ರ ನಡೆಯಿತು. ವೀ ಕೋಟ ದಾಟಿದ ಮೇಲೆ ಬರುವ ಘಾಟಿಯ ಒಂದು ತಿರುವಿನಿಂದ ರಾಶಿ ರಾಶಿ ಕೆಂಪು ಬಂದವು. ಎಲ್ಲ ಲಾರಿ, ಎಲ್ಲ ಡ್ರೈವರು, ಒಂದೇ ಜಾಗ, ಕಣ್ಣು ಮುಚ್ಚಿದೆ. ಕೆಲವರದಂತೂ ಕೈ ಕಿವಿಯ ಹತ್ತಿರ. ಫೋನಿನಲ್ಲಿದ್ದಾನೆ ಎಂದಿತು ಯಂತ್ರ. ಜಯರಾಮಪ್ಪ ತಲೆಯ ಮೇಲೆ ಕೈ ಹೊತ್ತು ವಿಜಯಕುಮಾರನನ್ನು ಕರೆಸಿದರು.

“ಏನಯ್ಯಾ, ಊರೋರೆಲ್ಲ ಅಲ್ಲೇ ಮಲಗ್ತೀರಾ?”

“ಮುನೇಶ್ವರನ ಗುಡಿ ಸಾರ್ ಅದು! ಗಾಡಿ ನಿಲ್ಸೋಕೆ ಜಾಗ ಇಲ್ಲ. ಆರನ್ ಒಡ್ದು, ಕೆನ್ನೆ ಮುಟ್ಕೊಂಡು, ಒಂದ್ ಕ್ಷಣ ಕಣ್ ಮುಚ್ಚಿ ಓಗ್ತೀವಿ. ನಾವು ಕಣ್ ಮುಚ್ದೆ ಓದ್ರೆ ಅವನು ಕಣ್ ಬಿಡ್ತಾನೆ. ನೀವೂ ಗಾಡಿ ಓಡಿಸ್ದೋರೇ, ನಿಮ್ಗೆ ಯೋಳ್ಬೇಕಾ?”

ಜಯರಾಮಪ್ಪ ಕೂತಲ್ಲೇ ಕೆನ್ನೆ ಮುಟ್ಟಿಕೊಂಡರು. ಕಂಪನಿಯವನಿಗೆ ಫೋನು ಮಾಡಿ ಹಟ ಹಿಡಿದರು. ಕಲ್ಪನಳ ಪರದೆಯಲ್ಲಿ ‘ನಿಜ’, ‘ಸುಳ್ಳು’ ಎರಡರ ಪಕ್ಕ ಮೂರನೆಯದೊಂದು ಗುಂಡಿ ಬಂತು: ‘ನಮಸ್ಕಾರ’. ಅದನ್ನು ಒತ್ತಿದರೆ ಕೆಂಪು ಅಳಿಸಿಹೋಗುತ್ತಿತ್ತು. ಡ್ರೈವರುಗಳು ಆಫೀಸಿಗೆ ಮೈಸೂರುಪಾಕು ಹಂಚಿದರು. ಯಂತ್ರಕ್ಕೂ ಒಂದು ಚೂರು ಇಡಬೇಕೆಂದು ವಿಜಯಕುಮಾರ ಪೀಡಿಸಿದ.

ಕಲ್ಪನಳಿಗೆ ಆ ಗುಂಡಿ ಒತ್ತುವುದೇ ಒಂದು ನೆಮ್ಮದಿ. ದಿನವಿಡೀ ಚಾಡಿಯ ಕೆಲಸ ಮಾಡುವವಳಿಗೆ ಕ್ಷಮಿಸುವ ಕೆಲಸವೂ ಒಂದಿಷ್ಟು ಸಿಕ್ಕಂತಾಗಿತ್ತು.

ಹಾಗಿರುವಾಗ ಚಿಕ್ಕಮುನಿಯಪ್ಪನ ಮೂರನೆಯ ಕೆಂಪು ಬಂತು. ಟವಲಿನದೊಂದು, ಟೋಲಿನ ಹತ್ತಿರ ಆಕಳಿಸಿದ್ದಕ್ಕೆ ಒಂದು, ಈಗ ಇದು. ‘ನಿಜ’ ಎಂದು ಒತ್ತಿದರೆ ಅವನು ನಾಳೆಯಿಂದ ಯಾರ್ಡಿನಲ್ಲಿ. ಅವನ ಸೊಂಟದ ಮೂಳೆಗಳ ನಡುವಿನ ಒಂದು ಬಿಲ್ಲೆ ಜರುಗಿ ವರ್ಷಗಳಾಗಿದ್ದವು. ಕೂತು ಓಡಿಸಬಲ್ಲ, ಕ್ರೇಟು ಎತ್ತಲಾರ. ಯಾರ್ಡು ಎಂದರೆ ಮನೆಗೆ ಹೋಗು ಎಂದ ಹಾಗೆಯೇ.

ಜಾಗ ನೋಡಿದಳು. ಘಾಟಿ, ಅದೇ ತಿರುವು. ಉಸಿರು ಬಿಟ್ಟಳು.

ವಿಡಿಯೊ ನೋಡಿದಳು. ಖಾಲಿ ಕ್ರೇಟಿನೊಂದಿಗೆ ಬೆಳಿಗ್ಗೆ ವಾಪಸಾಗುವಾಗಿನದು, ಒಳ್ಳೆಯ ಬೆಳಕು. ಎರಡೂ ಕೈ ಸ್ಟೇರಿಂಗಿನ ಮೇಲೆ. ಚಿಕ್ಕಮುನಿಯಪ್ಪ ಕಣ್ಣು ಮುಚ್ಚಿ, ತಲೆ ತುಸು ಬಾಗಿಸಿದ್ದ. ಕೆನ್ನೆ ಮುಟ್ಟಿಕೊಳ್ಳಲಿಲ್ಲ, ತುಟಿ ಅಲುಗಲಿಲ್ಲ. ಆ ಮುಖದ ಮೇಲೆ ಅಷ್ಟು ಸಮಾಧಾನವನ್ನು ಅವಳು ಕಂಡಿದ್ದೇ ಇಲ್ಲ. ಗರ್ಭಗುಡಿಯ ಮುಂದೆ ಮೈಮರೆತು ನಿಂತವರ ಮುಖ. ಆಮೇಲೆ ತಲೆ ಎತ್ತಿ, ರಸ್ತೆ ನೋಡಿ, ಎಂದಿನಂತೆ ಗಾಡಿ ಓಡಿಸಿದ.

ಗುಂಡಿಯ ಹತ್ತಿರ ಹೋದ ಬೆರಳು ನಿಂತಿತು. ಉಳಿದವರಿಗಿಂತ ಇವನ ನಮಸ್ಕಾರ ಉದ್ದ. ಬಹಳ ಉದ್ದ. ನಮಸ್ಕಾರಕ್ಕೆ ಅಳತೆ ಇಡಲು ನಾನ್ಯಾರು ಎಂದುಕೊಂಡಳು. ಆದರೂ ಒತ್ತಲಾಗಲಿಲ್ಲ.

“ನೀನೇ ತೀರ್ಮಾನ ಮಾಡಮ್ಮಾ” ಎಂದರು ಜಯರಾಮಪ್ಪ, ಪರದೆಯ ಕಡೆ ತಿರುಗದೆ. “ಸಂಜೆ ಲೋಡು ಹೊರಡೋದರೊಳಗೆ ಹೇಳು.” ಒಳ್ಳೆಯವರು, ಒಳ್ಳೆಯವರಿಗೆ ಇಂಥ ಹೊತ್ತಿನಲ್ಲಿ ಯಾವಾಗಲೂ ಬ್ಯಾಂಕಿನಲ್ಲಿ ಕೆಲಸವಿರುತ್ತದೆ. ಹೊರಟುಹೋದರು.

ಕಲ್ಪನ ಚಿಕ್ಕಮುನಿಯಪ್ಪನಿಗೆ ಹೇಳಿ ಕಳಿಸಿದಳು. ಅವನ ಹಿಂದೆಯೇ, ಕರೆಯದಿದ್ದರೂ, ವಿಜಯಕುಮಾರ ಬಂದ.

“ಕೂತ್ಕೊಳ್ಳಿ ಮುನಿಯಪ್ಪಣ್ಣ.”

“ಇರ್ಲಿ ಕಣಮ್ಮಾ. ಕೂತ್ರೆ ಏಳೋದು ಕಷ್ಟ.”

“ಏನ್ ಮೇಡಂ, ದೊಡ್ಡೋರನ್ನ ನಿಲ್ಸಿ ಯಿಚಾರಣೆನಾ?” ವಿಜಯಕುಮಾರ ಮೇಜಿನ ಮೇಲೆ ಕೈಯೂರಿದ. “ಗುಡಿ ತಾವ ಕಣ್ ಮುಚ್ಚವ್ರೆ. ಗುಂಡಿ ಐತಲ್ಲ, ಒತ್ತಿ.”

“ಒತ್ತೋಕೇ ಕೂತಿದ್ದೀನಿ ವಿಜಯಣ್ಣ. ಆದರೆ ಇದು ಬಹಳ ಹೊತ್ತಾಯ್ತು. ನೀವೆಲ್ಲ ಹೀಗೆ ಮುಚ್ಚಿ ಹಾಗೆ ತೆಗೀತೀರ.”

“ಅಯ್ಯೋ, ನಮ್ದೆಲ್ಲ ಮಿಸ್ ಕಾಲು ಮೇಡಂ! ಅಣ್ಣಂದು ಪೂರ್ತಿ ಮಾತು. ಅದ್ಕೂ ಇದ್ಕೂ ಒಂದೇ ಲೆಕ್ಕ ಆಯ್ತದಾ?”

ಕಲ್ಪನ ನಕ್ಕುಬಿಟ್ಟಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದುದು ಸ್ವಲ್ಪ ಸರಿಯಿತು. ಇರಬಹುದು. ಹಾಗೆಯೇ ಇರಲಿ.

“ಲೇ ಇಜಯಾ, ಸುಮ್ಕಿರ್ಲಾ” ಎಂದ ಚಿಕ್ಕಮುನಿಯಪ್ಪ ಪರದೆಯ ಹತ್ತಿರಕ್ಕೆ ಬಂದ. “ಅದ್ರಾಗೆ ನಾನಿದ್ದೀನಾ? ಎಲ್ಲಿ, ತೋರ್ಸು ಮಗಾ.”

ಅವಳು ತೋರಿಸಿದಳು. ಅವನು ಬಗ್ಗಿ, ಸೊಂಟ ಹಿಡಿದುಕೊಂಡು ನೋಡಿದ. ತನ್ನ ಕಣ್ಣು ಮುಚ್ಚುವುದನ್ನು ನೋಡಿದ, ತಲೆ ಬಾಗುವುದನ್ನು ನೋಡಿದ. “ಇನ್ನೊಂದ್ ಕಿತ ಆಕು” ಎಂದ. ಅವಳು ಮತ್ತೆ ಹಾಕಿದಳು. ಈ ಸಲ ಅವನು ತನ್ನ ಮುಖ ಬಿಟ್ಟು, ಪಕ್ಕದ ಕಿಟಕಿಯಲ್ಲಿ ಹಿಂದಕ್ಕೆ ಓಡುತ್ತಿದ್ದ ಘಾಟಿಯ ತಡೆಗೋಡೆಯನ್ನೇ ನೋಡುತ್ತಿದ್ದ.

“ಸಾಕಲ್ವಾ ಅಣ್ಣೋ?” ಎಂದ ವಿಜಯಕುಮಾರ. “ಒತ್ತಿ ಮೇಡಂ. ಲೋಡಿಗೆ ಒತ್ತಾಯ್ತು.”

ಕಲ್ಪನ ಬಾಣದ ಗುರುತನ್ನು ‘ನಮಸ್ಕಾರ’ದ ಮೇಲೆ ತಂದು ನಿಲ್ಲಿಸಿದಳು. ಒತ್ತುವುದೊಂದೇ ಬಾಕಿ. ಅವಳ ದನಿಯಲ್ಲಿ ವಿಚಾರಣೆ ಇರಲಿಲ್ಲ. ಅಷ್ಟು ಸಮಾಧಾನ ಒಬ್ಬ ಮನುಷ್ಯನಿಗೆ ಎಲ್ಲಿಂದ ಬರುತ್ತದೆಂದು ತಿಳಿಯುವ ಆಸೆಯಷ್ಟೇ.

“ಅಷ್ಟು ಹೊತ್ತು ಮುನೇಶ್ವರನ ಹತ್ತಿರ ಏನು ಬೇಡ್ಕೊಂಡ್ರಿ ಅಣ್ಣ?”

“ಇನ್ನೇನು, ಅತ್ತಿಗೆ ಮಂಡಿ...” ಎಂದು ವಿಜಯಕುಮಾರ ಶುರು ಮಾಡಿದ.

ಚಿಕ್ಕಮುನಿಯಪ್ಪ ಅವನ ತೋಳಿನ ಮೇಲೆ ಕೈಯಿಟ್ಟು ತಡೆದ.

“ಬೇಡ್ಕೊಳ್ಳೋದೆಲ್ಲಿ ಬಂತು ಕಣಮ್ಮಾ. ಗುಡಿ ಬಂದಿದ್ದೇ ನಂಗ್ ಗೊತ್ತಿಲ್ಲ. ಒಳ್ಳೆ ನಿದ್ದೆ.”