ಎಡಗೈ ಗುಂಡಿ

ನಮ್ಮ ದೊಡ್ಡಮ್ಮನನ್ನು ಕಾರ್ಖಾನೆಯಲ್ಲಿ ಎಲ್ಲರೂ ಮೆಣಸಿನಕಾಯಿ ಅನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಮುಖಕ್ಕೇ ಅನ್ನುತ್ತಾರೆ, ಅವಳೂ ಓಗೊಡುತ್ತಾಳೆ. ಪ್ರೆಸ್ ವಿಭಾಗಕ್ಕೆ ಅವಳೇ ಯೂನಿಯನ್ ಪ್ರತಿನಿಧಿ. ಅಂದರೆ ಚಂದಾ ಎತ್ತುವವಳೂ ಅವಳೇ, ಬೈಸಿಕೊಳ್ಳುವವಳೂ ಅವಳೇ. ಕುಡಿಯುವ ನೀರಿನಲ್ಲಿ ತುಕ್ಕು ಬಂದರೆ "ನಿಮ್ ಯೂನಿಯನ್ ಏನ್ ಕಡಿದು ಕಟ್ಟೆ ಹಾಕ್ತಿದೆ?" ಎಂದು ಅವಳ ಮೇಲೆ ಹಾರಿ ಬೀಳುತ್ತಾರೆ. ಚಂದಾ ಕೇಳಿದ ದಿನ ಮಾತ್ರ ಎಲ್ಲರಿಗೂ ಕಿವುಡು. ನಾನು ಅದೇ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿದ್ದೇನೆ. ಈ ಜನರ ಮೇಲೆ ನನಗಿರುವ ಸಿಟ್ಟು ನಿನ್ನೆ ಮೊನ್ನೆಯದಲ್ಲ.

ನಾವು ತಗಡಿನ ಡಬ್ಬಿಗಳಿಗೆ ಮುಚ್ಚಳ ಮಾಡುವವರು. ಪ್ರೆಸ್ಸಿನ ಅಚ್ಚಿನ ಮೇಲೆ ತಗಡಿನ ಬಿಲ್ಲೆ ಇಟ್ಟು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಗುಂಡಿಯನ್ನು ಒಟ್ಟಿಗೇ ಒತ್ತಬೇಕು. ಆಗ ಮೇಲಿನ ಅಚ್ಚು ಧಡ್ ಎಂದು ಇಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಸಿಕ್ಕಿಕೊಳ್ಳಲು ಮೂರನೆಯ ಕೈ ಇಲ್ಲವಲ್ಲ, ಅದೇ ಅದರ ಉಪಾಯ. ಹಿಂದೆ ಕಾಲಲ್ಲಿ ತುಳಿಯುವ ಪ್ರೆಸ್ಸುಗಳಿದ್ದವು. ಆ ಕಾಲದ ಕೆಲಸಗಾರರಲ್ಲಿ ಹತ್ತೂ ಬೆರಳಿದ್ದವರನ್ನು ಹುಡುಕಬೇಕಿತ್ತು. ಆಗಷ್ಟೇ ಮದುವೆಯಾಗಿದ್ದ ದೊಡ್ಡಮ್ಮ, ಒಳಗೆ ಅತ್ತೆಯಿಂದಲೂ ಹೊರಗೆ ಪೊಲೀಸರಿಂದಲೂ ಬೈಸಿಕೊಂಡು, ಗೇಟಿನ ಮುಂದೆ ಚಳಿಯಲ್ಲಿ ಕೂತು ಈ ಎರಡು ಗುಂಡಿ ತರಿಸಿದವರಲ್ಲಿ ಒಬ್ಬಳು. ಮಾಲೀಕರು ಕರುಣೆ ಉಕ್ಕಿ ಕೊಟ್ಟದ್ದಲ್ಲ ಅದು.

ಗುಂಡಿ ಬಂತು, ಹಿಂದೆಯೇ ಟಾರ್ಗೆಟ್ ಏರಿತು. ಎರಡೂ ಕೈಯಲ್ಲಿ ಒತ್ತುತ್ತ ಆ ಟಾರ್ಗೆಟ್ ಮುಟ್ಟುವುದು ಬ್ರಹ್ಮನಿಂದಲೂ ಆಗದ ಕೆಲಸ. ಯಾರೋ ಒಬ್ಬರು ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಎಡಗೈ ಗುಂಡಿಯನ್ನು ಬಿಗಿದು ಕಟ್ಟಿದರು. ಗುಂಡಿ ಸದಾ ಒತ್ತಿಕೊಂಡೇ ಇರುತ್ತದೆ, ಎಡಗೈಗೆ ಬಿಡುವು. ಆ ಕೈ ಅಚ್ಚಿನಿಂದ ಮುಚ್ಚಳ ತೆಗೆಯುತ್ತದೆ, ಹೊಸ ಬಿಲ್ಲೆ ಇಡುತ್ತದೆ. ಸೂಪರ್‌ವೈಸರ್ ಬಂದರೆ ಟ್ಯೂಬ್ ನೋಡುವುದಿಲ್ಲ, ಮುಚ್ಚಳದ ರಾಶಿ ನೋಡಿ ಹೋಗುತ್ತಾನೆ. ನೋಡನೋಡುತ್ತ ಎಲ್ಲರೂ ಕಟ್ಟಿದರು. ದೊಡ್ಡಮ್ಮನೂ ಕಟ್ಟಿದಳು. ತಾನೇ ತರಿಸಿದ್ದನ್ನು ತಾನೇ ಕಟ್ಟಿದಳು! ಹೊಸಬರಿಗೆ ಕಟ್ಟುವುದನ್ನು ಹೇಳಿಕೊಡುವವಳೂ ಅವಳೇ ಆದಳು, ಯಾಕೆಂದರೆ ಅವಳು ಹಾಕಿದ ಗಂಟು ಸಡಿಲವಾಗುವುದಿಲ್ಲ.

ಗುಬ್ಬಿಗೂ ಅವಳೇ ಹೇಳಿಕೊಟ್ಟಳು. ಗುಬ್ಬಿ ಅಂದರೆ ಪುಟ್ಟ ಮೈಯ, ಬಾಯಿ ಮುಚ್ಚದ ಹುಡುಗಿ. ಮನೆಯಲ್ಲಿ ಅವಳೂ ಅವಳ ತಾಯಿಯೂ ಇಬ್ಬರೇ. ಒಂದು ಮಧ್ಯಾಹ್ನ, ಊಟದ ಗಂಟೆಗೆ ಸ್ವಲ್ಪ ಮುಂಚೆ, ಅವಳ ಎಡಗೈಯ ಮೂರು ಬೆರಳು ಅಚ್ಚಿನಲ್ಲಿ ಉಳಿದವು. ಪ್ಯಾಕಿಂಗ್‌ನಲ್ಲಿದ್ದ ನಮಗೆ ಕಿರುಚಿದ್ದು ಕೇಳಲಿಲ್ಲ. ಒಂದಾದ ಮೇಲೊಂದು ಪ್ರೆಸ್ ನಿಂತದ್ದು ಕೇಳಿಸಿತು.

ಮರುದಿನ ಎಲ್ಲ ಪ್ರೆಸ್ಸಿನ ಟ್ಯೂಬುಗಳೂ ಮಾಯ. ಗೋಡೆಯ ಮೇಲೆ ಹೊಸ ಬೋರ್ಡು: ಎರಡೂ ಕೈ ಬಳಸಿ. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರು, ಅದೂ ತಪಾಸಣೆಗೆ ಬಂದ ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ತೋರಿಸಲಿಕ್ಕೆ. ಅವರ ಜೀಪು ಬೀದಿ ತಿರುವು ದಾಟುವ ಮೊದಲೇ ಟ್ಯೂಬುಗಳು ಮರಳಿ ಬಂದವು. ಟಾರ್ಗೆಟ್ ಮಾತ್ರ ಇದ್ದಲ್ಲೇ ಇತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ಗುಬ್ಬಿಗೆ ನೋಟಿಸ್ ಹೋಯಿತು: ನೀನೇ ಗುಂಡಿ ಕಟ್ಟಿದ್ದು, ಆದ್ದರಿಂದ ಪರಿಹಾರವಿಲ್ಲ, ವಿಚಾರಣೆ ಮುಗಿದ ಮೇಲೆ ಕೆಲಸವೂ ಇಲ್ಲ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ.

ದೊಡ್ಡಮ್ಮ ನನ್ನನ್ನೂ ಕರೆದುಕೊಂಡು ಯೂನಿಯನ್ ಅಧ್ಯಕ್ಷರ ಕೋಣೆಗೆ ಹೋದಳು. ಪ್ರೆಸ್ ಮುಟ್ಟದೆ ಎಷ್ಟೋ ಕಾಲವಾದ ಮನುಷ್ಯ. ಬೆರಳುಗಳೆಲ್ಲ ಸರಿಯಾಗಿದ್ದವು, ಎರಡರಲ್ಲಿ ಉಂಗುರ ಬೇರೆ.

"ನೋಡಮ್ಮಾ, ಕಟ್ಟಿದ್ದು ಹುಡುಗೀನೇ ಅಲ್ವಾ? ಮ್ಯಾನೇಜರ್ ಹತ್ರ ಮಾತಾಡಿ ಏನೋ ಒಂದಿಷ್ಟು ಸಹಾಯ ಕೊಡಿಸ್ತೀನಿ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಹಾವು ಕಚ್ಚಿ ಆಯ್ತು," ಅಂದಳು ದೊಡ್ಡಮ್ಮ. "ನಿಮಗಿನ್ನೂ ಕೋಲಿನ ಚಿಂತೆ!"

ಅಲ್ಲಿಂದ ಗುಬ್ಬಿಯ ಮನೆಗೆ ಹೋದೆವು. ಅವಳ ತಾಯಿ ಬಾಗಿಲಲ್ಲೇ ನಿಂತರು. "ಕಟ್ಟೋದು ಹೇಳ್ಕೊಟ್ಟಿದ್ದು ನೀವೇ ಅಂತಲ್ಲ?" ಎಂದು ಕೇಳಿದರು. ಉತ್ತರಕ್ಕೂ ಕಾಯದೆ ಬಾಗಿಲು ಹಾಕಿಕೊಂಡರು. ದೊಡ್ಡಮ್ಮ ನಮ್ಮ ಮನೆಗೆ ಬಂದು, ಅಡುಗೆಮನೆಯ ನೆಲದ ಮೇಲೆ ಕುಕ್ಕರಿಸಿದಳು. "ಹೌದು ಕಣೇ, ನಾನೇ," ಅಂದಳು. ಕೊಟ್ಟ ನೀರನ್ನು ಕುಡಿಯಲಿಲ್ಲ.

ವಿಚಾರಣೆಯ ಹಿಂದಿನ ದಿನ ಊಟದ ಹೊತ್ತಿನಲ್ಲಿ ಪ್ರೆಸ್ಸಿನವರನ್ನೆಲ್ಲ ಶೆಡ್ಡಿನ ಹಿಂದೆ ಸೇರಿಸಿದಳು. "ನಾಳೆ ಬೋರ್ಡಲ್ಲಿ ಬರೆದ ಹಾಗೆ ಕೆಲಸ. ಎರಡೂ ಕೈ. ಮುಷ್ಕರ ಇಲ್ಲ, ಘೋಷಣೆ ಇಲ್ಲ."

"ಟಾರ್ಗೆಟ್ ಮುಟ್ಟಲ್ವಲ್ಲ? ಬೋನಸ್ ಹೋಗುತ್ತೆ," ಎಂದ ಒಬ್ಬ ಹಳಬ.

"ಅವಳ ಬೆರಳು ಹೋಯ್ತಲ್ಲೋ, ಬೋನಸ್‌ಗೆ ಹುಟ್ಟಿದೋನೇ! ಕೇಳಿ ಎಲ್ರೂ. ಅವಳಿಗೆ ಹೇಳ್ಕೊಟ್ಟಿದ್ದು ನಾನು. ನಾಳೆ ಅದನ್ನ ಒಳಗೆ ಹೇಳ್ತೀನಿ, ನನ್ನ ಕೆಲಸ ಹೋದ್ರೆ ಹೋಗ್ಲಿ. ನಿಮ್ಮಿಂದ ನಾನು ಕೇಳ್ತಿರೋದು ನಿಮ್ಮ ಕೈ ನೀವು ಉಳಿಸ್ಕೊಳ್ಳಿ ಅಂತ. ಅಷ್ಟೂ ಆಗಲ್ವಾ?"

ಒಬ್ಬೊಬ್ಬರೇ ಊಟದ ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು. ನಮ್ಮವರು ಹಾಗೆಯೇ. ಅದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ವಿಚಾರಣೆ ಮಾಳಿಗೆಯಲ್ಲಿ, ಮ್ಯಾನೇಜರ್ ಕೋಣೆಯಲ್ಲಿ. ವಿಚಾರಣಾಧಿಕಾರಿ ಅಂತ ಹೊರಗಿನಿಂದ ಒಬ್ಬ ವಕೀಲರನ್ನು ಕರೆಸಿದ್ದರು. ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗುಬ್ಬಿ, ಪಕ್ಕದಲ್ಲಿ ದೊಡ್ಡಮ್ಮ. ಯಾರು ಹೇಳಿಕೊಟ್ಟರೆಂದು ಗುಬ್ಬಿಯನ್ನು ಕೇಳಿದರಂತೆ. "ನಾನು," ಎಂದಳಂತೆ ದೊಡ್ಡಮ್ಮ. "ಸೂಪರ್‌ವೈಸರ್ ಕಣ್ಣೆದುರೇ ಹೇಳ್ಕೊಟ್ಟೆ." ಮ್ಯಾನೇಜರ್ ನಕ್ಕನಂತೆ. "ಕಂಪನಿಗೆ ಗೊತ್ತೇ ಇರ್ಲಿಲ್ಲ. ಹಾಗಿದ್ರೆ ನಿಮ್ದೂ ಕೆಲಸ ಹೋಯ್ತು."

ಇತ್ತ ಕೆಳಗೆ ನನ್ನ ಮೇಜು ಖಾಲಿ. ಪ್ಯಾಕ್ ಮಾಡಲು ಮುಚ್ಚಳ ಬಂದರಲ್ಲವೇ? ಎದ್ದು ಪ್ರೆಸ್ ವಿಭಾಗಕ್ಕೆ ಹೋದೆ. ಮೊದಲು ಇಬ್ಬರು ಟ್ಯೂಬ್ ಬಿಚ್ಚಿದ್ದರು, ಅವರನ್ನು ನೋಡಿ ನಾಲ್ವರು, ಆಮೇಲೆ ಬೋನಸ್ ಹಳಬನೂ ಗೊಣಗುತ್ತಲೇ ಬಿಚ್ಚಿದ. ಬಿಲ್ಲೆ ಇಡು, ಎರಡೂ ಕೈ ಒತ್ತು, ತೆಗೆ. ಗೇಟಿನಲ್ಲಿ ಲಾರಿಯವನು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದ. ಕೊನೆಗೆ ಮ್ಯಾನೇಜರ್ ವಿಚಾರಣೆಯನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದು ಬಂದ.

"ಏನ್ರೀ ಇದು ಆಮೆ ನಡಿಗೆ?"

"ಎರಡೂ ಕೈ ಸಾರ್," ಎಂದ ಹಳಬ. "ಬೋರ್ಡು ನೀವೇ ಹಾಕ್ಸಿದ್ದು."

"ಬೋರ್ಡು ಇನ್ಸ್‌ಪೆಕ್ಟರಿಗೆ ಕಣಯ್ಯಾ! ದಿನಾ ಕಟ್ಕೊಂಡೇ ಹೊಡೀತಿದ್ರಲ್ಲ? ಕಟ್ರೀ ಎಲ್ರೂ! ಲೋಡ್ ಹೋಗ್ಬೇಕು!"

ಅವನ ಬೆನ್ನ ಹಿಂದೆ ಮೆಟ್ಟಿಲ ಮೇಲೆ ವಕೀಲರು ನಿಂತಿದ್ದರು. ಅವರ ಹಿಂದೆ ದೊಡ್ಡಮ್ಮ ಮತ್ತು ಗುಬ್ಬಿ.

"ಬರ್ಕೊಳ್ಳಿ ಸಾರ್," ಎಂದಳು ದೊಡ್ಡಮ್ಮ. ವಕೀಲರು ಮ್ಯಾನೇಜರ್ ಮುಖ ನೋಡಿದರು. ಆಗ ಹಳಬ ಗುಂಡಿಗಳಿಂದ ಕೈ ತೆಗೆದು, ಎದೆಯ ಮೇಲೆ ಕೈಕಟ್ಟಿ ನಿಂತ. ಉಳಿದವರೂ ನಿಂತರು. ವಕೀಲರು ಬರೆದು ಮುಗಿಸುವವರೆಗೆ ಒಂದು ಪ್ರೆಸ್ಸೂ ಇಳಿಯಲಿಲ್ಲ.

ಗುಬ್ಬಿಗೆ ಪರಿಹಾರ ಬಂತು, ಸ್ಟೋರಿನಲ್ಲಿ ಕೆಲಸ ಸಿಕ್ಕಿತು, ಟಾರ್ಗೆಟ್ಟೂ ಇಳಿಯಿತು. ಗೇಟ್ ಸಭೆಯಲ್ಲಿ ಹಾರ ಬಿದ್ದದ್ದು ಅಧ್ಯಕ್ಷರ ಕೊರಳಿಗೆ. ಮ್ಯಾನೇಜರನ್ನು ಇದಕ್ಕಿಂತ ದೊಡ್ಡ ಕಾರ್ಖಾನೆಗೆ ಕಳಿಸಿದರು. ಹೇಳಿಕೊಟ್ಟ ತಪ್ಪಿಗೆ ದೊಡ್ಡಮ್ಮನನ್ನು ಒಂದು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದರು. ನ್ಯಾಯವಂತೆ ನ್ಯಾಯ!

ಅವಳು ಮರಳಿದ ದಿನ ಕೈಗವಸು ಪಡೆಯಲು ಸ್ಟೋರಿನ ಕಿಟಕಿಗೆ ಹೋದೆವು. ಗುಬ್ಬಿ ಬಲಗೈಯಲ್ಲಿ ಕೈಗವಸು ಮುಂದಿಟ್ಟು ಮುಖ ತಿರುಗಿಸಿದಳು. ನನಗೆ ತಡೆಯಲಾಗಲಿಲ್ಲ. "ನಿನಗೋಸ್ಕರ ಕೆಲಸ ಕಳ್ಕೊಳ್ಳೋಕೆ ಹೋದೋಳಿಗೆ ಒಂದು ಮಾತೂ ಇಲ್ವೇನೇ?" ಅಂದುಬಿಟ್ಟೆ.

ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಕಿಟಕಿಯಿಂದ ಈಚೆಗೆಳೆದಳು. "ಬಾಯ್ ಮುಚ್ಚೇ. ಪರಿಹಾರ ಅವಳ ಹಕ್ಕು, ಕೊಡಿಸೋದು ನಮ್ಮ ಕೆಲಸ. ಅದನ್ನ ಕೊಡಿಸಿ ಕ್ಷಮೆ ಕೊಂಡ್ಕೊಳ್ಳೋಕಾಗುತ್ತಾ?"